ವರ್ಷಕ್ಕೆ ನೂರು ಡಾಲರ್ ಸಂಬಳದ ಎಮ್ಮೆಲ್ಲೆ

ನಮ್ಮನೆಯಿಂದ ನಾಲ್ಕನೇ ಮನೇಲಿರೋ ರಿಟೈರ್ಡ್ ಟೀಚರಮ್ಮ ಇಲ್ಲಿನ ಎಮ್ಮೆಲ್ಲೆ ಅಂತ ನಂಗೆ ಗೊತ್ತಾಗಿದ್ದೇ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗೆ ಬಂದು ಒಂದು ವರ್ಷ ಆದ್ಮೇಲೆ. ಚಳಿಗಾಲದಲ್ಲಿ ಬೆಳಗ್ಗೆ ಬೆಳಗ್ಗೇನೇ ತಾವೇ ಸಲಿಕೆ ಹಿಡ್ಕೊಂಡು ಹಿಮ ಎತ್ತಿ ಹಾಕಿ, ಹಳೇ ಕಾರಲ್ಲಿ ಒಬ್ರೇ ಹೊರಡೋರು. ಎಲ್ಲಿಗೆ ಅಂತ ಒಂದಿನ ಕೇಳಿದ್ರೆ, ರಾಜಧಾನಿ ಕಾಂಕರ್ಡ್‌ಗೆ, ಶಾಸನಸಭೆ ನಡೆಯೋ ಸ್ಟೇಟ್ ಹೌಸ್‌ಗೆ ಅಂದ್ರು.

ಈ ರಾಜ್ಯದ ಜನಸಂಖ್ಯೆ ಸುಮಾರು 14 ಲಕ್ಷ, ಆದ್ರೆ ಕೆಳಮನೇಲಿ 400 ಜನ ಶಾಸಕರು, ಮೇಲ್ಮನೆ ಸೆನೆಟ್‌ನಲ್ಲಿ 24. ನಮ್ಮ ಕರ್ನಾಟಕದಲ್ಲಿ ಆರು ಕೋಟಿಗೂ ಮೇಲೆ ಜನ, 224 ಸೀಟು, ನೀವೇ ಲೆಕ್ಕ ಹಾಕಿ. ಇಲ್ಲಿ ಸುಮಾರು ಮೂರೂವರೆ ಸಾವಿರ ಜನ ಬೀಳುತ್ತೆ ಒಬ್ಬರಿಗೆ. ಸಂಬಳ ಎರಡು ವರ್ಷದ ಅವಧಿಗೆ 200 ಡಾಲರ್, 1889ರಲ್ಲಿ ರಾಜ್ಯದ ಸಂವಿಧಾನಕ್ಕೆ ಸೇರಿಸಿದ್ದು, ಇವತ್ತಿಗೂ ಅದೇ. ಓಡಾಟದ ಖರ್ಚು ಬೇರೆ ಕೊಡ್ತಾರೆ ಅಷ್ಟೆ. ಪಿಎ ಇಲ್ಲ, ಸ್ವಂತ ಆಫೀಸ್ ಇಲ್ಲ, ಫೋನ್ ಮಾಡಿದ್ರೆ ಅವ್ರೇ ಎತ್ತೋದು.

ಸ್ಕೂಲ್ ಬಸ್ ವಿಷಯಕ್ಕೆ ಅವ್ರು ಒಂದು ಬಿಲ್ ತಂದಿದ್ರು. ಇಲ್ಲಿ ಯಾರೇ ಬಿಲ್ ತಂದ್ರೂ ಅದಕ್ಕೆ ಶಾಸಕರ ಸಮಿತಿ ಮುಂದೆ ಹಿಯರಿಂಗ್ ಆಗ್ಲೇಬೇಕು, ಯಾರು ಬೇಕಾದ್ರೂ ಹೋಗಿ ಮಾತಾಡಬಹುದು. ನಂಗೆ ಇಲ್ಲಿ ಓಟಿಲ್ಲ, ವೀಸಾ ಮೇಲಿರೋನು ಅಂದೆ, ನಿಮ್ಮ ಮಗಳು ಅದೇ ಬಸ್ಸಲ್ಲಿ ತಾನೇ ಹೋಗೋದು ಬನ್ನಿ ಅಂದ್ರು. ಹೋದೆ. ಚಿಕ್ಕ ರೂಮು, ಕುದುರೆ ಲಾಳದ ಥರ ಮೇಜು, ಒಬ್ಬ ಮೆಂಬರ್ ರೈತ, ಇನ್ನೊಬ್ರು ನರ್ಸ್ ಆಗಿದ್ದೋರು. ಮೂರು ನಿಮಿಷ ಮಾತಾಡಿದೆ, ಕೈ ನಡುಗ್ತಿತ್ತು, ಆದ್ರೂ ಆ ರೈತ ನನ್ನ ಮಾತನ್ನ ಪೆನ್ಸಿಲ್‌ನಲ್ಲಿ ಬರ್ಕೋತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಲ್ಲಿಂದ ಮೇಲೆ ಹೋದೋರೂ ಇದಾರೆ. ಫ್ರಾಂಕ್ಲಿನ್ ಪಿಯರ್ಸ್ 1829ರಲ್ಲಿ ಇದೇ ಸಭೆಗೆ ಬಂದು 1853ರಲ್ಲಿ ಅಮೆರಿಕದ ಅಧ್ಯಕ್ಷ ಆದ್ರು. ಜೀನ್ ಶಹೀನ್ 1990ರಲ್ಲಿ ಇಲ್ಲಿನ ಸೆನೆಟ್‌ಗೆ ಗೆದ್ದು, ಆಮೇಲೆ ಗವರ್ನರ್ ಆಗಿ, 2009ಕ್ಕೆ ಅಮೆರಿಕದ ಸಂಸತ್ತಿನ ಸೆನೆಟ್ ಸೇರಿದ್ರು. ಆದ್ರೆ ಹೆಚ್ಚಿನೋರು ನಮ್ಮ ಟೀಚರಮ್ಮನ ಥರಾನೇ, ಎರಡೆರಡು ವರ್ಷಕ್ಕೊಮ್ಮೆ ಮನೆಮನೆ ಬಾಗಿಲು ತಟ್ಟಿ ಗೆದ್ದು ಬಂದು ಅದೇ ಸೀಟಲ್ಲಿ ಕೂರೋರು. ನಂಗೆ ಒಂದೇ ಬೇಜಾರು, ನೂರು ಡಾಲರ್‌ಗೆ ಈ ಕೆಲ್ಸ ಮಾಡೋಕಾಗೋದು ಪೆನ್ಷನ್ ಇರೋರಿಗೆ, ಇಲ್ಲಾ ದುಡ್ಡಿರೋರಿಗೆ. ಚಿಕ್ಕ ಮಕ್ಕಳನ್ನ ಸಾಕ್ತಾ ದಿನಗೂಲಿ ಮಾಡೋ ತಾಯಿ ವಾರದ ನಡುವೆ ಕಾಂಕರ್ಡ್‌ಗೆ ಹೇಗೆ ಬರ್ಬೇಕು? ಬಸ್ಸಿನ ಕಷ್ಟ ಅವಳಿಗೇ ಹೆಚ್ಚು ಗೊತ್ತಿರೋದು.

ಬಿಲ್ ಬಿತ್ತು. ಈ ಕಾನೂನು ಬೇಡ ಅನ್ನೋದಕ್ಕೆ ಇಲ್ಲಿ 'ಇನೆಕ್ಸ್‌ಪೀಡಿಯೆಂಟ್ ಟು ಲೆಜಿಸ್ಲೇಟ್' ಅಂತಾರೆ. ಆವತ್ತು ಸಂಜೆ ಟೀಚರಮ್ಮ ಕಾರು ನಿಲ್ಸಿ ಸ್ವಲ್ಪ ಹೊತ್ತು ಒಳಗೇ ಕೂತಿದ್ರು. ಆಮೇಲೆ ಇಳಿದು ನಮ್ಮ ಬಾಗಿಲಿಗೇ ಬಂದು, ನವೆಂಬರ್‌ನಲ್ಲಿ ಗೆದ್ರೆ ಇದನ್ನೇ ಮತ್ತೆ ತರ್ತೀನಿ, ನೀವು ಹೇಳಿದ್ದನ್ನ ಬರೆದು ಕೊಡಿ ಅಂದ್ರು. ರಾತ್ರೀನೇ ಕೂತು ಎರಡು ಪುಟ ಬರೆದೆ.