ಅಳಿವೆ ಬಾಗಿಲಿನ ಸಂಜೆ, ಅರಿಶಿನ ಎಲೆಯ ಗಟ್ಟಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತವರಿಗೆ ಕಡಲು ಕಾಣುವುದಿಲ್ಲ. ಕಡಲು ನೋಡಲೆಂದೇ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದವರಿಗೆ ಇದು ಮೊದಲಿಗೆ ಅಚ್ಚರಿಯ ಸಂಗತಿ. ನಗರದ ಪಶ್ಚಿಮಕ್ಕೆ ಮೊದಲು ಸಿಗುವುದು ಕಡಲಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುವ ಫಲ್ಗುಣಿ ನದಿ. ಅದರಾಚೆ ತಣ್ಣೀರುಬಾವಿಯಿಂದ ಬೆಂಗ್ರೆಯವರೆಗೆ ಚಾಚಿಕೊಂಡಿರುವ ಮರಳಿನ ಪಟ್ಟಿ. ಅರಬ್ಬಿ ಸಮುದ್ರ ಇರುವುದು ಅದಕ್ಕೂ ಆಚೆ. ಪೂರ್ವದಿಂದ ಬರುವ ನೇತ್ರಾವತಿಯೂ ಫಲ್ಗುಣಿಯೂ ಕೊನೆಯಲ್ಲಿ ಒಂದೇ ಬಾಗಿಲಿನಿಂದ ಕಡಲನ್ನು ಸೇರುತ್ತವೆ. ಆ ಜಾಗಕ್ಕೆ ಅಳಿವೆ ಬಾಗಿಲು ಎಂದು ಹೆಸರು.

ಇದನ್ನೆಲ್ಲ ನನಗೆ ವಿವರಿಸಿದ್ದು ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಇರುವ ಕಚೇರಿಯ ಗೆಳತಿ. ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಊರಿನ ಒಳ್ಳೆಯ ನೋಟಗಳನ್ನೂ ಒಳ್ಳೆಯ ಸಿಹಿತಿಂಡಿಗಳನ್ನೂ ಒಂದೇ ದಿನದಲ್ಲಿ ತೋರಿಸಬೇಕೆಂದು ನಾನು ಮತ್ತು ನನ್ನ ತಂಗಿ ಕೇಳಿಕೊಂಡಾಗ ಆಕೆ ಮೊದಲು ಮಾಡಿದ್ದು ನಮ್ಮ ಯೋಜನೆಯನ್ನು ತಲೆಕೆಳಗು ಮಾಡಿದ್ದು. "ಬೆಳಗ್ಗೆ ಬೀಚಿಗೆ ಹೋಗಿ ಎಂತ ಮಾಡುವುದು? ಸೂರ್ಯ ಬೆನ್ನ ಹಿಂದೆ ಇರ್ತಾನೆ. ಬೆಳಗ್ಗೆ ಗುಡ್ಡ, ಮಧ್ಯಾಹ್ನ ಐಸ್‌ಕ್ರೀಮು, ಸಂಜೆ ಅಳಿವೆ ಬಾಗಿಲು. ರಾತ್ರಿ ನಮ್ಮ ಮನೆಯಲ್ಲಿ ಗಟ್ಟಿ ಉಂಟು." ಗಟ್ಟಿ ಎಂದರೆ ಅರಿಶಿನದ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುವ ಸಿಹಿತಿಂಡಿ. ಯಾವ ಜಾಗ ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ಮುಖ್ಯ ಎಂಬುದು ಆಕೆಯ ವಾದ. ಆ ದಿನ ಮುಗಿಯುವಷ್ಟರಲ್ಲಿ ಅದು ನನ್ನ ವಾದವೂ ಆಗಿತ್ತು.

ಸೆಪ್ಟೆಂಬರಿನ ಒಂದು ಶನಿವಾರ. ಮಳೆ ಹಿಂದಿನ ರಾತ್ರಿಯೇ ಸುರಿದು ಬಿಡುವು ಕೊಟ್ಟಿತ್ತು. ಬೆಳಗಿನ ತಿಂಡಿಗೆ ಬನ್ಸ್ ತಿಂದೆವು. ಕಳಿತ ಬಾಳೆಹಣ್ಣನ್ನು ಮೈದಾ, ಮೊಸರಿನೊಂದಿಗೆ ಕಲಸಿ, ರಾತ್ರಿಯೆಲ್ಲ ಹುಳಿಯಲು ಬಿಟ್ಟು, ಬೆಳಗ್ಗೆ ಲಟ್ಟಿಸಿ ಕರಿಯುವ ಈ ತಿಂಡಿಯನ್ನು ಸಿಹಿತಿಂಡಿಗಳ ಸಾಲಿಗೆ ಸೇರಿಸಬೇಕೋ ಬೇಡವೋ ಎಂಬ ಚರ್ಚೆ ನಮ್ಮ ನಡುವೆ ನಡೆಯಿತು. ಖಾರದ ಚಟ್ನಿಯೊಂದಿಗೆ ತಿನ್ನುವುದಾದ್ದರಿಂದ ಸೇರಿಸುವುದು ಬೇಡ ಎಂಬುದು ನನ್ನ ತೀರ್ಮಾನ, ಆದರೆ ಒಳಗಿನ ಬಾಳೆಹಣ್ಣಿನ ಸಣ್ಣ ಸಿಹಿ ದಿನವನ್ನು ಚೆನ್ನಾಗಿ ಆರಂಭಿಸಿತು ಎಂಬುದರಲ್ಲಿ ಎರಡು ಮಾತಿಲ್ಲ.

ಅಲ್ಲಿಂದ ಕದ್ರಿ ಗುಡ್ಡಕ್ಕೆ ಹೋದೆವು. ಮಂಜುನಾಥ ದೇವಸ್ಥಾನದ ಹಿಂಬದಿಯಲ್ಲಿ ಗೋಮುಖದಿಂದ ಬೀಳುವ ನೀರು, ಕೆರೆಗಳು, ಅವುಗಳ ಪಕ್ಕದಿಂದ ಜೋಗಿ ಮಠದ ಕಡೆಗೆ ಏರುವ ಮೆಟ್ಟಿಲುಗಳು. ಮೇಲೆ ಹೋಗಿ ತಿರುಗಿ ನಿಂತಾಗ, ಬೆನ್ನ ಹಿಂದಿನಿಂದ ಬರುವ ಬೆಳಗಿನ ಬೆಳಕು ಇಡೀ ಊರಿನ ಮೇಲೆ ಬಿದ್ದಿರುವುದು ಕಾಣುತ್ತದೆ. ತೆಂಗಿನ ತಲೆಗಳ ನಡುವೆ ಅಲ್ಲಲ್ಲಿ ಹೆಂಚಿನ ಮಾಡುಗಳು, ಅವುಗಳನ್ನು ಮೀರಿ ಎದ್ದ ಎತ್ತರದ ವಸತಿ ಕಟ್ಟಡಗಳು, ಅವುಗಳ ಸಂದಿಯಲ್ಲಿ ದೂರಕ್ಕೆ ಕಡಲಿನ ತೆಳುವಾದ ಗೆರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನದಿಯ ಜೇಡಿಮಣ್ಣೇ ಈ ಊರಿನ ಮಾಡುಗಳ ಬಣ್ಣವಾಯಿತು. ಆ ಕೆಂಪು ಈಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂದು ಗೆಳತಿ ಬೇಸರಪಟ್ಟಳು. ಬೆಂಗಳೂರಿನಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಕಣ್ಮರೆಯಾಗುವುದನ್ನು ಬಸವನಗುಡಿಯಲ್ಲಿ ನೋಡುತ್ತಲೇ ಬೆಳೆದ ನನಗೆ ಆ ಬೇಸರ ಅರ್ಥವಾಗುತ್ತದೆ. ಕೆಳಗಿಳಿದು, ಆಳುಪ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನೋಡದೆ ಕದ್ರಿಯಿಂದ ಹೊರಡುವುದು ಸಾಧ್ಯವಿರಲಿಲ್ಲ. ಅದರ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಬಿಸಿಲು ಏರಿದ ಮೇಲೆ ಹೊರಗಿನ ನೋಟಕ್ಕೆ ಅರ್ಥವಿಲ್ಲ. ಆ ಹೊತ್ತನ್ನು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ಲಿನ ಒಳಗೆ ಕಳೆದೆವು. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಕಲಾವಿದ 1899ರಿಂದ ಎರಡು ವರ್ಷಗಳ ಕಾಲ ಗೋಡೆ ಮತ್ತು ಚಾವಣಿಗಳನ್ನು ಚಿತ್ರಗಳಿಂದ ತುಂಬಿದ ಕಟ್ಟಡ ಅದು. ಕತ್ತು ನೋಯುವವರೆಗೆ ಮೇಲೆ ನೋಡಿದೆವು.

ಮಧ್ಯಾಹ್ನ ಮೂರರ ಹೊತ್ತಿಗೆ, ಸೆಕೆ ಅಂಗಿಯನ್ನು ಮೈಗೆ ಅಂಟಿಸಿದ್ದಾಗ, ಐಡಿಯಲ್ ಐಸ್‌ಕ್ರೀಮಿಗೆ ಹೋದೆವು. ಪ್ರಭಾಕರ ಕಾಮತ್ ಅವರು 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಆರಂಭಿಸಿದ ಅಂಗಡಿ ಇದು. ಇಲ್ಲಿ ಗಡ್‌ಬಡ್ ಕೇಳದೆ ಬರುವವರು ಕಡಿಮೆ. ಗಡ್‌ಬಡ್ ಹುಟ್ಟಿದ್ದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಎಂದು ಕರಾವಳಿಯವರು ಹೇಳುತ್ತಾರೆ. ಅದನ್ನು ಊರೂರಿಗೆ ಮುಟ್ಟಿಸಿದ್ದರಲ್ಲಿ ಮಂಗಳೂರಿನ ಪಾಲು ದೊಡ್ಡದು. ಉದ್ದನೆಯ ಗಾಜಿನ ಲೋಟದ ತಳದಲ್ಲಿ ಜೆಲ್ಲಿ ಮತ್ತು ಹೆಚ್ಚಿದ ಹಣ್ಣು, ಅದರ ಮೇಲೆ ಬೇರೆ ಬೇರೆ ರುಚಿಯ ಐಸ್‌ಕ್ರೀಮು, ನಡುನಡುವೆ ಗೋಡಂಬಿ, ದ್ರಾಕ್ಷಿ. ಇದನ್ನು ತಿನ್ನುವುದಕ್ಕೂ ಒಂದು ಕ್ರಮವಿದೆ. ಮೇಲಿನಿಂದ ಪದರ ಪದರವಾಗಿ ಮುಗಿಸುತ್ತ ಹೋದರೆ ಕೊನೆಗೆ ತಳದಲ್ಲಿ ಬರೀ ಜೆಲ್ಲಿ ಉಳಿಯುತ್ತದೆ. ಉದ್ದ ಚಮಚವನ್ನು ಲೋಟದ ಅಂಚಿನಿಂದಲೇ ತಳದವರೆಗೆ ಇಳಿಸಿ, ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ಮೇಲೆತ್ತಬೇಕು. ಆಗ ಹಣ್ಣಿನ ಹುಳಿ, ಐಸ್‌ಕ್ರೀಮಿನ ಕೊಬ್ಬು, ಗೋಡಂಬಿಯ ಗರಿಗರಿ ಒಂದೇ ತುತ್ತಿನಲ್ಲಿ ಸಿಗುತ್ತವೆ. ಬೆಂಗಳೂರಿನ ಹೋಟೆಲುಗಳಲ್ಲಿಯೂ ಗಡ್‌ಬಡ್ ಸಿಗುತ್ತದೆ, ನಾನು ತಿಂದಿದ್ದೇನೆ. ಆದರೆ ನಮ್ಮೂರಿನ ತಂಪು ಗಾಳಿಯಲ್ಲಿ ಅದು ಊಟದ ನಂತರದ ಒಂದು ಆಯ್ಕೆ ಮಾತ್ರ. ಮಂಗಳೂರಿನ ಮಧ್ಯಾಹ್ನದಲ್ಲಿ ಅದು ದೇಹಕ್ಕೆ ಬೇಕಾದ ಪದಾರ್ಥ, ಅದರ ಪೂರ್ಣ ರುಚಿ ತಿಳಿಯುವುದು ಅಲ್ಲಿಯೇ.

ಸಂಜೆ ಹಳೇ ಬಂದರಿಗೆ ಬಂದು ಬೆಂಗ್ರೆಯ ದೋಣಿ ಹತ್ತಿದೆವು. ಇದು ಪ್ರವಾಸಿಗರಿಗಾಗಿ ಇರುವ ದೋಣಿಯಲ್ಲ. ಪೇಟೆಯ ಕೆಲಸ ಮುಗಿಸಿ ಮನೆಗೆ ಮರಳುವವರು, ಸಾಮಾನಿನ ಚೀಲ ಹಿಡಿದ ಹೆಂಗಸರು, ಶಾಲೆಯ ಮಕ್ಕಳು ಅದರಲ್ಲಿದ್ದರು. ದಕ್ಕೆಯಲ್ಲಿ ಸಾಲಾಗಿ ನಿಂತ ಮೀನುಗಾರಿಕೆ ಬೋಟುಗಳ ಮುಂದೆ ಹಾದು ನದಿ ದಾಟುವಾಗ, ಹಿಂದೆ ಉಳಿದ ನಗರ ಇಡೀ ಗುಡ್ಡದ ಸಾಲಾಗಿ ಕಾಣುತ್ತದೆ. ಮಂಗಳೂರನ್ನು ಮಂಗಳೂರಿನ ಹೊರಗೆ ನಿಂತು ನೋಡುವ ಅವಕಾಶ ಇದು, ರಸ್ತೆಯಲ್ಲಿ ಕಾರಿನಿಂದ ಸುತ್ತಿ ಬಂದವರಿಗೆ ಇದು ದೊರೆಯುವುದಿಲ್ಲ.

ದೋಣಿ ಇಳಿದು, ಮನೆಗಳ ನಡುವಿನ ದಾರಿಯಲ್ಲಿ ನಡೆದು ಮರಳಿನ ಪಟ್ಟಿಯ ದಕ್ಷಿಣದ ತುದಿಗೆ ಹೋದೆವು. ಎಡಕ್ಕೆ ನದಿ, ಬಲಕ್ಕೆ ಕಡಲು, ಎದುರಿಗೆ ಅಳಿವೆ ಬಾಗಿಲು, ಅದರಾಚೆ ಉಳ್ಳಾಲದ ದಡ. ಘಟ್ಟದ ಮಣ್ಣನ್ನು ಹೊತ್ತು ತಂದ ನದಿಯ ನೀರು ಕೆಂಗಂದು, ಕಡಲಿನ ನೀರು ಹಸಿರು. ಎರಡೂ ಕೂಡುವಲ್ಲಿ ಬೆರೆಯದೆ, ಸ್ವಲ್ಪ ದೂರ ಒಂದು ನೊರೆಯ ಗೆರೆಯನ್ನು ನಡುವೆ ಇಟ್ಟುಕೊಂಡೇ ಸಾಗುತ್ತಿದ್ದವು. ಜೂನ್ ಮತ್ತು ಜುಲೈ ತಿಂಗಳ ನಿಷೇಧ ಕಳೆದು ಮೀನುಗಾರಿಕೆ ಮತ್ತೆ ಆರಂಭವಾಗಿದ್ದರಿಂದ ಬೋಟುಗಳು ಒಳಗೆ ಬರುತ್ತಿದ್ದವು. ನದಿಗಳು ತಂದು ಹಾಕಿದ ಮರಳು ಬಾಗಿಲಿನಲ್ಲಿ ದಿಬ್ಬವಾಗಿ ನಿಲ್ಲುವುದರಿಂದ ಅಲೆಗಳು ಅಲ್ಲಿಯೇ ಒಡೆಯುತ್ತವೆ. ಒಂದು ಬೋಟು ಬಾಗಿಲಿನ ಹೊರಗೆ ವೇಗ ತಗ್ಗಿಸಿ ಕಾದಿತು. ದೊಡ್ಡ ಅಲೆಯೊಂದು ಮುಂದೆ ಹೋಗಲು ಬಿಟ್ಟು, ಅದರ ಬೆನ್ನಿಗೇ ಎಂಜಿನ್ನಿನ ಸದ್ದು ಏರಿಸಿ, ಮೂತಿಯನ್ನು ಒಂದಿಷ್ಟೂ ಓರೆಯಾಗಲು ಬಿಡದೆ ಒಳಗೆ ನುಗ್ಗಿತು. ನದಿಯ ನೀರಿಗೆ ಬಂದೊಡನೆ ಬೋಟಿನ ಮೇಲಿದ್ದವರು ಹಿಡಿದುಕೊಂಡಿದ್ದ ಕಂಬಿಯನ್ನು ಬಿಟ್ಟು ಮಾತಿಗೆ ತೊಡಗಿದರು. ಆರೂವರೆಯ ಸುಮಾರಿಗೆ ಸೂರ್ಯ ಮುಳುಗಿದ್ದನ್ನೂ ನೋಡಿದೆವು, ಚೆನ್ನಾಗಿತ್ತು. ಆದರೆ ಸೂರ್ಯಾಸ್ತ ಯಾವ ಬೀಚಿನಲ್ಲಿಯೂ ಸಿಗುತ್ತದೆ. ಆ ಬೋಟು ಬಾಗಿಲು ದಾಟಿದ ನೋಟ ಸಿಗುವುದು ಅಲ್ಲಿ ಮಾತ್ರ. ಮಂಗಳೂರಿನ ಅತ್ಯುತ್ತಮ ನೋಟ ಯಾವುದು ಎಂದು ಕೇಳಿದರೆ ನಾನು ಹೇಳುವುದು ಅದನ್ನೇ.

ರಾತ್ರಿ ಗೆಳತಿಯ ಮನೆ. ನಾವು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳ ಅಮ್ಮ ಅಡುಗೆಮನೆಯಲ್ಲಿ ಅರಿಶಿನದ ಎಲೆಗಳನ್ನು ಒರೆಸಿ ಹರಡಿದ್ದರು. ನೆನೆಸಿದ ಅಕ್ಕಿಯನ್ನು ನುಣ್ಣಗೆ, ಗಟ್ಟಿಯಾಗಿ ರುಬ್ಬಿದ ಹಿಟ್ಟನ್ನು ಎಲೆಯ ಮೇಲೆ ಬೆರಳುಗಳಿಂದ ತೆಳ್ಳಗೆ ಸವರಿ, ಒಂದು ಬದಿಗೆ ತೆಂಗಿನ ತುರಿ, ಬೆಲ್ಲ, ಏಲಕ್ಕಿಯ ಹೂರಣ ಇಟ್ಟು, ಎಲೆಯನ್ನು ಉದ್ದಕ್ಕೆ ಮಡಚಿ ಹಬೆಯಲ್ಲಿ ಇಟ್ಟರು. ಹತ್ತು ನಿಮಿಷದಲ್ಲಿ ಅರಿಶಿನ ಎಲೆಯ ಪರಿಮಳ ಜಗಲಿಯವರೆಗೆ ಬಂತು. ತಟ್ಟೆಗೆ ಬಂದ ಗಟ್ಟಿಯ ಎಲೆಯನ್ನು ಬಿಡಿಸಿದರೆ ಬಿಳಿಯ ಮೈಮೇಲೆ ಎಲೆಯ ನರಗಳ ಅಚ್ಚು ಒಂದೂ ತಪ್ಪದೆ ಮೂಡಿತ್ತು. ತಂಗಿ ಅದರ ಮೇಲೆ ತುಪ್ಪ ಬೀಳುವುದನ್ನೂ ಕಾಯದೆ ಬಾಯಿಗೆ ಹಾಕಿಕೊಂಡಳು.

"ಬೆಂಗಳೂರಲ್ಲಿ ಮಾಡೋಕಾಗುತ್ತಾ ಅಮ್ಮ? ಮಲ್ಲೇಶ್ವರದ ಮಾರ್ಕೆಟ್ಟಲ್ಲಿ ಈ ಎಲೆ ನೋಡಿದ್ದೀನಿ" ಎಂದು ಅವಳೇ ಕೇಳಿದಳು.

"ಮಾಡಬಹುದು ಮಗಾ. ಆದರೆ ಎಲೆ ಕೊಯ್ದು ಒಂದು ದಿನ ಆದರೆ ಪರಿಮಳ ಅರ್ಧ ಹೋಯಿತು. ನೀವು ಹಿತ್ತಿಲಲ್ಲಿ ಒಂದು ಕುಂಡದಲ್ಲಿ ಗಡ್ಡೆ ಹಾಕಿ. ಮಳೆಗಾಲದಲ್ಲಿ ತಾನಾಗಿ ಬರ್ತದೆ" ಎಂದರು ಅವರು.

ಹಬೆ ಪರಿಮಳವನ್ನು ಸೆಳೆದುಕೊಳ್ಳಲು ಎಲೆಯಲ್ಲಿ ಎಣ್ಣೆಯಂಶ ಉಳಿದಿರಬೇಕು, ಒಣಗಿದ ಎಲೆ ಬರೀ ಹೊದಿಕೆಯಾಗುತ್ತದೆ ಎಂದು ಅವರು ವಿವರಿಸಿದರು. ಇಡೀ ದಿನದ ಸಿಹಿಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಈ ಗಟ್ಟಿಗೆ. ಗಡ್‌ಬಡ್ ವರ್ಷವಿಡೀ ಸಿಗುತ್ತದೆ. ಗಟ್ಟಿಯ ಕಾಲ ಮಾತ್ರ ನಾಗರಪಂಚಮಿಯ ಸುಮಾರಿಗೆ ಆರಂಭವಾಗಿ, ಗಡ್ಡೆ ಬಲಿತು ಎಲೆ ಹಳದಿಯಾಗುವವರೆಗೆ. "ದೀಪಾವಳಿ ಕಳೆದರೆ ಎಲೆ ಒಳ್ಳೆಯದು ಸಿಗುವುದಿಲ್ಲ, ಅದಕ್ಕೆ ಮುಂಚೆ ಇನ್ನೊಮ್ಮೆ ಬನ್ನಿ" ಎಂದು ಅಮ್ಮ ಹೇಳಿದ್ದರಿಂದ, ಅಕ್ಟೋಬರಿನ ಎರಡನೆಯ ಶನಿವಾರಕ್ಕೆ ನಾನೂ ತಂಗಿಯೂ ಬಸ್ಸಿನ ಟಿಕೆಟು ಅಲ್ಲಿ ಕುಳಿತೇ ಕಾದಿರಿಸಿದೆವು.