ಕೆರೆಗೆ ಟ್ಯಾಂಕ್ ಅಂತಾರೆ

ಪಿಎಚ್‌ಡಿಗೆ ಸೇರಿದ ಮೊದಲ ವರ್ಷ. ಬೆಂಗಳೂರಿನ ಕೆರೆಗಳ ಬಗ್ಗೆ ಇದುವರೆಗೆ ಏನೇನು ಸಂಶೋಧನೆ ಆಗಿದೆ, ಹುಡುಕಿಕೊಂಡು ಬಾ ಅಂದಿದ್ದರು ಗೈಡ್. ಒಂದು ಮಧ್ಯಾಹ್ನ ಸಾಕು ಅಂದುಕೊಂಡೆ. ಸಂಶೋಧನಾ ಲೇಖನಗಳನ್ನು ಹುಡುಕುವ ಡೇಟಾಬೇಸ್ ಸ್ಕೋಪಸ್ ತೆರೆದು ಇಂಗ್ಲಿಷಿನಲ್ಲಿ ಬೆಂಗಳೂರು, ಲೇಕ್ ಅಂತ ಎರಡೇ ಪದ ಟೈಪ್ ಮಾಡಿದೆ. ಬಂದದ್ದು ಹೆಚ್ಚಾಗಿ ಈಚಿನ ಲೇಖನಗಳೇ. ಬೆಳ್ಳಂದೂರಿನ ನೊರೆ, ಕೊಳಚೆ ನೀರು, ಒತ್ತುವರಿ.

"ಸರ್, ಹಳೇ ಕೆಲಸ ಕಡಿಮೆ ಇದೆ" ಅಂತ ಧೈರ್ಯವಾಗಿ ಹೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಲೈಬ್ರರಿ ಮೇಡಂ ಹತ್ರ ಒಂದ್ಸಲ ಕೂತು ಬಾಮ್ಮ."

ಮೇಡಂ ನನ್ನ ಲ್ಯಾಪ್‌ಟಾಪ್ ನೋಡಿ ನಕ್ಕರು. "ಇಂಗ್ಲಿಷಿನಲ್ಲಿ ನಮ್ಮೂರ ಹೆಸರು ಬದಲಾಗಿದ್ದು ಯಾವಾಗ?"

2014ರ ನವೆಂಬರ್ 1. ಅದಕ್ಕೂ ಮುಂಚೆ ಬರೆದವರು ಹೆಚ್ಚಾಗಿ ಬ್ಯಾಂಗಲೋರ್ ಅಂತಲೇ ಬರೆದಿದ್ದಾರೆ. ಡೇಟಾಬೇಸ್ ನೋಡುವುದು ಶೀರ್ಷಿಕೆ, ಸಾರಾಂಶ, ಕೀವರ್ಡ್‌ಗಳಲ್ಲಿ ನಾವು ಕೊಟ್ಟ ಪದ ಇದೆಯಾ ಅಂತ. ಎರಡೂ ಒಂದೇ ಊರು ಅನ್ನೋದು ನನಗೆ ಗೊತ್ತು, ಅದಕ್ಕೆ ನಾನೇ ಹೇಳಬೇಕು.

ಸರಿ, ಜಾಣತನ ತೋರಿಸಲು ಹೋದೆ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿದರೆ ಹಾಗೆ ಶುರುವಾಗುವ ಪದಗಳೆಲ್ಲ ಸಿಗುತ್ತವೆ ಅಂತ ಎಲ್ಲೋ ಓದಿದ್ದೆ. ಬೆಂಗ್ ಅಂತ ಬರೆದು ನಕ್ಷತ್ರ ಹಾಕಿದೆ. ಪಶ್ಚಿಮ ಬಂಗಾಳದ ಕೆರೆಗಳೆಲ್ಲ ಬಂದು ಕೂತವು! ಬ್ಯಾಂಗಲೋರ್ ಮಾತ್ರ ಬರಲೇ ಇಲ್ಲ.

"ಸುಮ್ನೆ ಎರಡೂ ಹೆಸರು ಬರೀರಿ, ಮಧ್ಯೆ ಓಆರ್ ಹಾಕಿ, ಇದಾದರೂ ಸರಿ ಅದಾದರೂ ಸರಿ ಅಂತ" ಅಂದರು ಮೇಡಂ. ಆಮೇಲೆ ಕೇಳಿದರು, "ಕೆರೆಗೆ ಹಳಬರು ಇಂಗ್ಲಿಷಿನಲ್ಲಿ ಏನಂತಿದ್ದರು?"

ಲೇಕ್ ಅಲ್ವಾ? ಅಲ್ಲ, ಟ್ಯಾಂಕ್. ಏರಿ ಕಟ್ಟಿ ನೀರು ನಿಲ್ಲಿಸಿದ್ದಕ್ಕೆಲ್ಲ ಹಳೇ ಬರಹಗಳಲ್ಲಿ ಅದೇ ಹೆಸರು. ಸಂಪಂಗಿ ಟ್ಯಾಂಕ್ ಇದ್ದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ಧರ್ಮಾಂಬುಧಿ ಟ್ಯಾಂಕ್ ಇದ್ದದ್ದು ನಾನು ದಿನಾ ಬಸ್ ಬದಲಿಸುವ ಮೆಜೆಸ್ಟಿಕ್‌ನಲ್ಲಿ. ಇಷ್ಟೆಲ್ಲ ಗೊತ್ತಿದ್ದೂ ಹುಡುಕುವಾಗ ಹೊಳೆದಿರಲಿಲ್ಲ, ನೋಡಿ.

ಟ್ಯಾಂಕ್ ಸೇರಿಸಿದ ಮೇಲೆ 70ರ, 80ರ ದಶಕದ ಲೇಖನಗಳು ಮೇಲೆದ್ದವು. ಜೊತೆಗೆ ಮನೆ ಮೇಲಿನ ನೀರಿನ ಟ್ಯಾಂಕ್, ಮೀನು ಸಾಕುವ ಟ್ಯಾಂಕ್ ಕೂಡ.

ಅದೇ ಸಾಲನ್ನು ಇಂಥದೇ ಇನ್ನೊಂದು ಡೇಟಾಬೇಸ್ ಆದ ವೆಬ್ ಆಫ್ ಸೈನ್ಸ್‌ಗೆ ಕಾಪಿ ಮಾಡಿದರೆ ಜಗತ್ತಿನ ಕೆರೆಗಳೆಲ್ಲ ಬಂದು ಸುರಿದವು. ನಾನು ಲೇಕ್ ಓಆರ್ ಟ್ಯಾಂಕ್ ಆ್ಯಂಡ್ ಬ್ಯಾಂಗಲೋರ್ ಓಆರ್ ಬೆಂಗಳೂರು ಅಂತ ಒಂದೇ ಉಸಿರಿಗೆ ಬರೆದಿದ್ದೆ, ಆವರಣ ಚಿಹ್ನೆ ಇಲ್ಲದೆ. ಆಗ ಸ್ಕೋಪಸ್ ಮೊದಲು ಓಆರ್ ಬಿಡಿಸಿಕೊಳ್ಳುತ್ತಿತ್ತು, ಹಾಗಾಗಿ ಅಲ್ಲಿ ತಪ್ಪು ಕಂಡಿರಲಿಲ್ಲ. ವೆಬ್ ಆಫ್ ಸೈನ್ಸ್ ಎರಡೂ ಇರಬೇಕು ಅನ್ನುವ ಆ್ಯಂಡ್ ಅನ್ನೇ ಮೊದಲು ಹಿಡಿದು, ಟ್ಯಾಂಕ್ ಮತ್ತು ಬ್ಯಾಂಗಲೋರ್ ಎರಡನ್ನಷ್ಟೇ ಜೋಡಿಸುತ್ತದೆ. ಅದಕ್ಕೆ ಅರ್ಥವಾದದ್ದು, ಲೇಕ್ ಎಲ್ಲಿಯದಾದರೂ ಸರಿ! ಊರಿನ ಹೆಸರುಗಳಿಗೆ ಒಂದು ಆವರಣ, ಕೆರೆಯ ಹೆಸರುಗಳಿಗೆ ಇನ್ನೊಂದು ಹಾಕಿದ ಮೇಲೆ ಸರಿಹೋಯಿತು. ಇದನ್ನು ಯಾರೂ ಕ್ಲಾಸಿನಲ್ಲಿ ಹೇಳಿಕೊಟ್ಟಿರಲಿಲ್ಲ ಅನ್ನೋದು ನನ್ನ ಸಣ್ಣ ಸಿಟ್ಟು.

ಸಿಕ್ಕ ಒಂದು ಹಳೇ ಲೇಖನವನ್ನು ಹಿಡಿದು, ಮುಂದೆ ಅದನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಅಂತ ನೋಡುತ್ತಾ ಹೋದೆ. ನಾನು ಊಹಿಸಿರದ ಹೆಸರುಗಳಲ್ಲಿ ನಮ್ಮ ಕೆರೆಗಳು ಸಿಕ್ಕಿದ್ದು ಅಲ್ಲೇ. ಲೈಬ್ರರಿ ಬಾಗಿಲು ಹಾಕೋ ಹೊತ್ತಾಗಿತ್ತು.

"ಹುಡುಕಿದ ಸಾಲು, ತಾರೀಖು, ಎಷ್ಟು ಬಂತು, ಎಲ್ಲ ಬರೆದಿಟ್ಟುಕೊಳ್ಳಿ. ನಿಮ್ಮ ಗೈಡ್ ಕೇಳ್ತಾರೆ" ಅಂದರು ಮೇಡಂ.

ಆ ಸಾಲಿಗೆ ಅಲರ್ಟ್ ಇಟ್ಟು ಬಂದೆ. ವಾರಕ್ಕೊಮ್ಮೆ ಮೇಲ್ ಬರುತ್ತದೆ. ಈ ಸಲ ಬಂದದ್ದು ಸೆಪ್ಟಿಕ್ ಟ್ಯಾಂಕ್ ಬಗ್ಗೆ.