ಶಿರಾಡಿಯಲ್ಲಿ ಸಿಕ್ಕಿದ ನಾಮಕ್ಕಲ್ ಅಣ್ಣ

ಮಂಗಳೂರಿಗೆ ಹೊರಟಿದ್ದು ಮಳೆಗಾಲದ ಕಡಲು ನೋಡೋಣ ಅಂತ. ಕಡಲಿಗಿಂತ ಜಾಸ್ತಿ ನೋಡಿದ್ದು ಲಾರಿಗಳನ್ನು.

ಹಾಸನದವರೆಗೆ ನಿದ್ದೆ. ಸಕಲೇಶಪುರ ದಾಟಿ ಮಾರನಹಳ್ಳಿ ಹತ್ತಿರ ಎಚ್ಚರವಾದಾಗ ಬಸ್ಸು ನಿಂತಿತ್ತು. ಮುಂದೆ ಗುಡ್ಡದ ಮಣ್ಣು ರಸ್ತೆಗೆ ಇಳಿದಿದೆ, ಜೆಸಿಬಿ ಬಂದಿದೆ ಅಂದರು. ಟಿಕೆಟ್ ಕೊಟ್ಟವನು ‘ಘಾಟಿ ಫುಲ್ ಕ್ಲಿಯರ್ ಸಾರ್’ ಎಂದು ಆಣೆ ಇಟ್ಟಿದ್ದ! ಅದಕ್ಕೇ ಹೇಳ್ತೀನಿ, ಜುಲೈ, ಆಗಸ್ಟ್‌ನಲ್ಲಿ ಈ ದಾರಿಗೆ ರಾತ್ರಿ ಬಸ್ಸು ಬೇಡ. ಹಗಲು ಹೊರಡಿ, ಸಕಲೇಶಪುರದಲ್ಲೇ ಶೌಚಾಲಯಕ್ಕೆ ಹೋಗಿಬನ್ನಿ. ಆಮೇಲೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಹೆಂಗಸರ ಪಾಡು ನೋಡಲಾಗುತ್ತಿರಲಿಲ್ಲ. ರೈಲೂ ಅಷ್ಟಕ್ಕಷ್ಟೇ. 2024ರ ಜುಲೈನಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ಓಡಾಟ ನಿಂತಿತ್ತು.

ಬಸ್ಸಿನ ಹಿಂದೆ ಗ್ಯಾಸ್ ಟ್ಯಾಂಕರುಗಳ ಸಾಲು. ಒಬ್ಬ ಡ್ರೈವರ್ ಕ್ಯಾಬಿನ್ ಪಕ್ಕದಲ್ಲೇ ಸ್ಟೌ ಹಚ್ಚಿ ಟೀ ಕಾಸುತ್ತಿದ್ದರು. ನನಗೂ ಒಂದು ಲೋಟ ಕೊಟ್ಟರು. ಶುಂಠಿ ಜಜ್ಜಿ ಹಾಕಿದ್ದ ಟೀ, ಹೆದ್ದಾರಿ ಹೋಟೆಲಿನ ನೀರು ಕಾಫಿಗಿಂತ ಎಷ್ಟೋ ವಾಸಿ.

‘ಎಲ್ಲಿಯವರು ಅಣ್ಣಾ?’

‘ತಮಿಳುನಾಡಿನ ನಾಮಕ್ಕಲ್ ಸಾರ್. ಮಂಗಳೂರಲ್ಲಿ ಲೋಡ್ ಮಾಡಿ ಮತ್ತೆ ಘಾಟಿ ಹತ್ಬೇಕು.’

ದಕ್ಷಿಣದ ಗ್ಯಾಸ್ ಟ್ಯಾಂಕರುಗಳಲ್ಲಿ ಬಹಳಷ್ಟು ನಾಮಕ್ಕಲ್ಲಿನವರದ್ದೇ. ಕಡಲಿಲ್ಲದ, ಮಳೆ ಕಮ್ಮಿ ಇರುವ ಊರು. ಯಾಕೆ ಹಾಗೆ ಅಂದೆ. ‘ಬೇಸಾಯ ನಂಬಿದ್ರೆ ಊಟ ಇಲ್ಲ ಸಾರ್. ಲಾರಿ ನಂಬಿದ್ವಿ’ ಅಂದರು.

ಕಂಟೈನರ್ ಲಾರಿ ಒಂದೂ ಕಾಣ್ತಿಲ್ಲವಲ್ಲ ಅಂತ ಕೇಳಿದೆ. ಅಣ್ಣನಿಗೆ ನಗು. ‘ಬೆಂಗಳೂರು ಮಾಲು ಇಲ್ಲಿಗ್ಯಾಕೆ ಬರ್ತದೆ? ಹೊಸೂರು ದಾಟಿದ್ರೆ ಸೀದಾ ಚೆನ್ನೈ. ಗೇರ್ ಹಾಕಿ ಸುಮ್ನೆ ಕೂತ್ಕೊಳೋದು.’

ಈ ಮಾತು ತಲೆಯಲ್ಲಿ ಉಳಿಯಿತು. ಬೆಂಗಳೂರಿಂದ ಚೆನ್ನೈ, ಮಂಗಳೂರು ಎರಡು ಬಂದರುಗಳೂ ಹೆಚ್ಚುಕಮ್ಮಿ 350 ಕಿ.ಮೀ. ದೂರದಲ್ಲೇ ಇವೆ. ಆದರೆ ಚೆನ್ನೈ ಕಡೆ ನೆಲ ಮೆಲ್ಲಗೆ ಇಳಿಯುತ್ತದೆ. ಇಲ್ಲಿ 900 ಮೀಟರಿಗೂ ಎತ್ತರದ ಸಕಲೇಶಪುರದಿಂದ ಬಾವಿಗೆ ಇಳಿದ ಹಾಗೆ ಇಳಿಯಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ರೈಲು ದಾರಿಗೆ 57 ಸುರಂಗ ಕೊರೆದಿದ್ದಾರೆ. 50 ಮೀಟರಿಗೆ ಒಂದು ಮೀಟರ್ ಏರು, ರೈಲಿಗೆ ಇದೇ ಕಡಿದು. ಬೆಂಗಳೂರಿನ ವೈಟ್‌ಫೀಲ್ಡ್‌ನ ಡಿಪೋದಿಂದ ಕಂಟೈನರ್ ಪೆಟ್ಟಿಗೆಗಳು ರೈಲು ಹತ್ತಿ ಚೆನ್ನೈ ದಾರಿ ಹಿಡಿದರೆ ಅದರಲ್ಲೇನು ಆಶ್ಚರ್ಯ?

ಹಾಗಾದರೆ ಈ ಘಾಟಿಯನ್ನು ಸಲೀಸಾಗಿ ದಾಟಿದ್ದು ಏನು? ಹರಿಯುವ ಮಾಲು! ಮಂಗಳೂರಿನ ಪೆಟ್ರೋಲು, ಡೀಸೆಲು ಹಾಸನ, ಬೆಂಗಳೂರಿಗೆ ಪೈಪಿನಲ್ಲಿ ಹೋಗುತ್ತವೆ. ಗ್ಯಾಸಿಗೂ ಪೈಪ್ ಬಂದಿದೆ, ‘ನಮ್ದು ಟ್ರಿಪ್ ಕಮ್ಮಿ ಆಯ್ತು’ ಅಂತ ಅಣ್ಣನಿಗೆ ಬೇಸರ. ಕುದುರೆಮುಖದ ಗಣಿಯವರಂತೂ ಕಬ್ಬಿಣದ ಅದಿರನ್ನೇ ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. 2005ರ ಕೊನೆಗೆ ಗಣಿ ಮುಚ್ಚುವವರೆಗೂ ನಡೆಯಿತು. ಪೆಟ್ಟಿಗೆಯಲ್ಲಿ ಬರುವ ಮಾಲಿಗೆ ಈ ಅನುಕೂಲ ಇಲ್ಲ.

ಮಂಗಳೂರಿನ ನೀರುದೋಸೆ, ಗೋಳಿಬಜೆ ಬಗ್ಗೆ ಬೇರೆಯವರು ಬರೆದಿದ್ದಾರೆ, ಬಿಡಿ. ನಾನು ಹಳೇ ಬಂದರ್ ಕಡೆ ಹೋದೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಸಣ್ಣ ಹಡಗುಗಳು ಮಳೆಗಾಲಕ್ಕೆಂದು ಲಂಗರು ಹಾಕಿದ್ದವು. ನೇತ್ರಾವತಿ, ಗುರುಪುರ ನದಿಗಳು ಸೇರುವ ಈ ಅಳಿವೆಯಲ್ಲಿ ಮರಳು ತುಂಬುತ್ತಲೇ ಇರುತ್ತದೆ, ದೊಡ್ಡ ಹಡಗು ಒಳಗೆ ಬರಲಾರದು. ಅದಕ್ಕೇ 1970ರ ದಶಕದಲ್ಲಿ ಪಣಂಬೂರಿನಲ್ಲಿ ನೆಲ ತೋಡಿ ಹೊಸ ಬಂದರು ಮಾಡಿದ್ದು.

ಪಣಂಬೂರಿನ ಹೋಟೆಲಲ್ಲಿ ಪಕ್ಕದ ಮೇಜಿನವರು ಕ್ಲಿಯರಿಂಗ್ ಏಜೆಂಟ್, ಅಂದರೆ ಬಂದರಿನಲ್ಲಿ ಮಾಲಿನ ಕಾಗದಪತ್ರ ನೋಡಿಕೊಳ್ಳುವವರು. ಕಾಫಿ, ಗೋಡಂಬಿ ಪೆಟ್ಟಿಗೆಗಳದ್ದೇ ಅವರಿಗೆ ಕೆಲಸವಂತೆ. ಕಾಫಿಯ ಲೆಕ್ಕ ಸುಲಭ, ತೋಟಗಳು ಇರುವುದೇ ಘಾಟಿಯ ತಲೆ ಮೇಲೆ, ಅದಕ್ಕೆ ಚೆನ್ನೈ ದೂರ. ಶಿರಾಡಿಗೆ ಸುರಂಗ ರಸ್ತೆ ಆದರೆ ಬೆಂಗಳೂರಿನ ಮಾಲೂ ಬರುತ್ತದಲ್ವಾ ಅಂದೆ.

‘ರಸ್ತೆ ಆದ್ರೆ ಸಾಕಾ ಮಾರಾಯ್ರೇ? ಮಾಲಿಲ್ಲ ಅಂತ ಹಡಗು ಬರುದಿಲ್ಲ, ಹಡಗು ಬರುದಿಲ್ಲ ಅಂತ ಮಾಲು ಬರುದಿಲ್ಲ’ ಎಂದು ಅವರು ಇನ್ನೊಂದು ಪ್ಲೇಟ್ ಬನ್ಸ್ ಹೇಳಿದರು.